ಎಂಟಡಿಯ ಕೈ, ಒಂಬತ್ತಡಿಯ ಟೇಬಲ್

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಹಂಗಾಯ್ತು ನಿಂದು." ಬೆಂಗಳೂರಿನ ಪೂಲ್ ಪಂದ್ಯದಲ್ಲಿ ಸೋತು ಬಂದವನಿಗೆ ನಮ್ಮ ಚಿಕ್ಕಪ್ಪ ಹೇಳಿದ ಮೊದಲ ಮಾತು ಇದು. "ಗುಂಡು ಅದೇ, ತೂತು ಅದೇ, ಕೋಲು ನಿಂದೇ. ಇನ್ನೇನಪ್ಪ ಬೇಕಿತ್ತು?" ಅವರು ಒಮ್ಮೆಯೂ ಕ್ಯೂ ಹಿಡಿದವರಲ್ಲ, ಬಿಡಿ. ಆದರೆ ದಿನಾ ಕ್ಯೂ ಹಿಡಿಯುವವರೂ ಇದೇ ಮಾತಾಡುವುದನ್ನು ಕೇಳಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೆಲ ಬೇರೆಯೇ ಆಗಿತ್ತು. ಎಷ್ಟು ಬೇರೆ ಎಂಬುದನ್ನು ಟೇಪು ಹಿಡಿದು ಅಳೆದಿದ್ದೇನೆ.

ನಾನು ಆಟ ಕಲಿತದ್ದು ಚಿತ್ರದುರ್ಗದಲ್ಲಿ, ಜೋಗಿಮಟ್ಟಿ ರಸ್ತೆಯ ಕಡೆಯ ಒಂದು ಪಾರ್ಲರಿನಲ್ಲಿ. ಷಟರ್ ಎತ್ತಿದರೆ ಸಾಕು, ಬೆಟ್ಟದ ಗಾಳಿಯ ಜೊತೆ ಧೂಳೂ ಒಳಗೆ ಬಂದು ಬಟ್ಟೆಯ ಮೇಲೆ ಕೂರುತ್ತಿತ್ತು. ಇದ್ದದ್ದು ಒಂದೇ ಟೇಬಲ್. ರ‍್ಯಾಕ್ ಇಡುವ ಜಾಗದಲ್ಲಿ ಹಸಿರು ಬಟ್ಟೆ ಸವೆದು ಬಿಳಿಚಿಕೊಂಡಿತ್ತು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಹುಡುಗರು ಬೈಕ್ ಹತ್ತಿ ಬಂದು ಅದರ ಮೇಲೆ ನನ್ನೊಂದಿಗೆ ಆಡಿ ಸೋತು ಹೋಗಿದ್ದಾರೆ. ರಜೆಗೆ ಬಂದ ಬೆಂಗಳೂರಿನ ಆಟಗಾರರೂ ಸೋತಿದ್ದಾರೆ. "ಇದು ಒಂಬತ್ತಡಿ ಟೇಬಲ್ಲು, ಬೆಂಗಳೂರಲ್ಲೂ ಇದೇ ಇರೋದು" ಎಂದು ಮಾಲೀಕರು ಎಲ್ಲರಿಗೂ ಹೇಳುತ್ತಿದ್ದರು. ಸುತ್ತಲಿನ ಮರದ ಚೌಕಟ್ಟನ್ನೂ ಸೇರಿಸಿ, ಮೇಲೆ ಒಂದಷ್ಟು ಉದಾರವಾಗಿ ಹೇಳಿದ ಲೆಕ್ಕ ಅದು. ನಂಬಿದ ಹುಡುಗರು ಅದರ ಮೇಲೆಯೇ ಕೈ ಕೂರಿಸಿಕೊಂಡೆವು.

ಇನ್ನು ಪಂದ್ಯದ ದಿನ. ಆಟಕ್ಕೆ ಮುಂಚೆ ಹತ್ತು ನಿಮಿಷ ಟೇಬಲ್ ಮೇಲೆ ಕೈಯಾಡಿಸುತ್ತೇನೆ ಎಂದು ಕೇಳಿಕೊಂಡೆ. ಅಲ್ಲಿ ಪಟ್ಟಿ ಹಿಡಿದು ಕೂತಿದ್ದವರು ತಲೆ ಎತ್ತಲಿಲ್ಲ. "ಟೈಮಿಲ್ಲ ರೀ, ಹೆಸರು ಕರೆದಾಗ ಬನ್ನಿ." ನನ್ನ ಎದುರಾಳಿ ಅದೇ ಹಾಲ್‌ನಲ್ಲಿ ದಿನಾ ಆಡುವ ಹುಡುಗ. ಅವನಿಗೆ ಅಭ್ಯಾಸದ ಅವಕಾಶ ಕೇಳುವ ಅಗತ್ಯವೇ ಇರಲಿಲ್ಲ. ದೂರದ ಊರಿನಿಂದ ಬಸ್ಸಿನಲ್ಲಿ ಬಂದವನಿಗೂ ಅವನಿಗೂ ಒಂದೇ ನಿಯಮ ಎಂದರೆ ಅದು ಸಮಾನತೆಯಲ್ಲ.

ಆದರೂ ನೈನ್ ಬಾಲ್ ಆಟದಲ್ಲಿ ಸರಿಸಮ ಬಂದು ಕೊನೆಯ ರ‍್ಯಾಕಿಗೆ ನಿಂತೆವು. ಟೇಬಲ್ ಮೇಲೆ ಉಳಿದದ್ದು ಏಳು, ಎಂಟು, ಒಂಬತ್ತರ ಗುಂಡುಗಳು; ಅದೇ ಕ್ರಮದಲ್ಲಿ ಹೊಡೆಯಬೇಕು. ಸರದಿ ನನ್ನದು. ಏಳನ್ನು ನಡುವಿನ ಪಾಕೆಟ್ಟಿಗೆ ಹಾಕಿ, ವೈಟನ್ನು, ಅಂದರೆ ಕ್ಯೂನಿಂದ ಹೊಡೆಯುವ ಬಿಳಿ ಗುಂಡನ್ನು, ಎರಡು ಕುಶನ್‌ಗೆ ತಾಗಿಸಿ ಎಂಟರ ಬೆನ್ನಿಗೆ ತಂದು ನಿಲ್ಲಿಸಬೇಕು. ನಮ್ಮೂರಲ್ಲಿ ಮಾತಾಡುತ್ತಲೇ ಹೊಡೆಯುವ ಹೊಡೆತ. ಹೊಡೆದೆ. ಏಳು ಬಿತ್ತು. ವೈಟ್ ಮೊದಲ ಕುಶನ್ ತಾಗಿತು, ಎರಡನೆಯದನ್ನೂ ತಾಗಿತು, ನಾನಂದುಕೊಂಡ ಗೆರೆಯಲ್ಲೇ ಬಂತು. ಗೆರೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಆದರೆ ಬರಬೇಕಾದಷ್ಟು ದೂರ ಬರಲಿಲ್ಲ. ಒಂದು ಗೇಣು ಹಿಂದೆಯೇ ಸುಸ್ತಾಗಿ ಹೊರಳಿ ಕುಶನ್‌ಗೆ ಅಂಟಿಕೊಂಡು ನಿಂತಿತು.

ಕುಶನ್‌ಗೆ ಅಂಟಿದ ವೈಟ್ ಎಂದರೆ ಏನೆಂದು ಆಡುವವರಿಗೆ ಗೊತ್ತು. ಹೊಡೆಯಲು ಸಿಗುವುದು ಅದರ ನೆತ್ತಿ ಮಾತ್ರ. ಎಡಗೈ ಬಟ್ಟೆಯ ಮೇಲೆ ಕೂರುವುದಿಲ್ಲ, ನುಣುಪಾದ ಮರದ ಮೇಲೆ ಬೆರಳೂರಿ ಹೊಡೆಯಬೇಕು. ಎಂಟು ಆಚೆ ತುದಿಯಲ್ಲಿತ್ತು. ಚಾಕ್ ಹಚ್ಚಿದೆ, ಬಗ್ಗಿದೆ, ಎದ್ದೆ, ಮತ್ತೆ ಬಗ್ಗಿದೆ. ಕೈ ನಡುಗಲಿಲ್ಲ, ಇದನ್ನು ಆಣೆ ಮಾಡಿ ಹೇಳಬಲ್ಲೆ. ಎಂಟು ನೇರ ಮೂಲೆಗೆ ಹೋಯಿತು. ಪಾಕೆಟ್ಟಿನ ಎಡ ಅಂಚಿಗೆ ಬಡಿದು, ಬಲ ಅಂಚಿಗೆ ಬಡಿದು, ಟಕಟಕ ಎಂದು ಅಲ್ಲಾಡಿ ಬಾಯಲ್ಲೇ ನಿಂತುಬಿಟ್ಟಿತು. ಅದರ ಮೇಲಿನ ಅಂಕಿ ನನ್ನ ಕಡೆಗೇ ತಿರುಗಿತ್ತು. ಆ ಹುಡುಗ ಎದ್ದು ಬಂದು ಎಂಟನ್ನು ಮೆಲ್ಲಗೆ ತಳ್ಳಿದ, ಒಂಬತ್ತನ್ನು ಹಾಕಿದ, ಕೈ ಕುಲುಕಿದ. ಅಷ್ಟೇ.

ಎಲ್ಲರೂ ಊಟಕ್ಕೆ ಹೋದಾಗ ಅಲ್ಲಿಯ ಕೆಲಸದವರ ಹತ್ತಿರ ಟೇಪು ಕೇಳಿ ಪಡೆದು ಅಳೆದೆ. ಕುಶನ್ ಅಂಚಿನಿಂದ ಕುಶನ್ ಅಂಚಿಗೆ ಉದ್ದ 100 ಇಂಚು, ಅಗಲ 50. ಅಂತರರಾಷ್ಟ್ರೀಯ ಪಂದ್ಯಗಳ ಒಂಬತ್ತಡಿ ಟೇಬಲಿನ ಅಳತೆ ಇದೇ. ಊರಿಗೆ ಬಂದು ನಮ್ಮದನ್ನು ಅಳೆದರೆ 88 ಇಂಚು, 44 ಇಂಚು, ಎಂದರೆ ಎಂಟಡಿಯ ಟೇಬಲ್. ಎರಡರ ಬಟ್ಟೆಯ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬದಲಾಗಿದ್ದು ಜಾಗ ಮತ್ತು ಪಾಕೆಟ್. ಪಂದ್ಯದ ಟೇಬಲಿನಲ್ಲಿ ಮೂಲೆ ಪಾಕೆಟ್ಟಿನ ಬಾಯಿ ನಾಲ್ಕೂವರೆ ಇಂಚು, ನಮ್ಮದರಲ್ಲಿ ಐದು ದಾಟುತ್ತದೆ. ಗುಂಡಿನ ವ್ಯಾಸ ಎರಡೂಕಾಲು ಇಂಚು. ನಾಲ್ಕೂವರೆಯ ಬಾಯಲ್ಲಿ ಗುಂಡು ಹೋದ ಮೇಲೆ ಉಳಿಯುವ ಜಾಗ ಇನ್ನೊಂದೇ ಗುಂಡಿನಷ್ಟು.

ಉದ್ದದಲ್ಲಿ ಬರೀ ಒಂದಡಿ ಹೆಚ್ಚು ಎನ್ನುವವರು ಈ ಲೆಕ್ಕ ನೋಡಲಿ. ವೈಟಿನಿಂದ ಗುಂಡಿಗಿರುವ ದೂರ ಶೇ. 14ರಷ್ಟು ಹೆಚ್ಚುತ್ತದೆ, ಗುಂಡಿನಿಂದ ಪಾಕೆಟ್ಟಿಗಿರುವ ದೂರವೂ ಅಷ್ಟೇ ಹೆಚ್ಚುತ್ತದೆ. ಕ್ಯೂ ತುದಿಯಲ್ಲಾದ ಸಣ್ಣ ತಪ್ಪು ಮೊದಲ ದೂರದಲ್ಲಿ ಒಮ್ಮೆ ಬೆಳೆದು, ಎರಡನೆಯದರಲ್ಲಿ ಮತ್ತೊಮ್ಮೆ ಬೆಳೆಯುತ್ತದೆ. ಎರಡನ್ನೂ ಗುಣಿಸಿದರೆ ಹತ್ತಿರ ಹತ್ತಿರ ಶೇ. 29. ಎಂದರೆ ಪಾಕೆಟ್ ಒಂದೇ ಅಳತೆಯದಾಗಿದ್ದರೂ, ಕೈಗೆ ಸಿಗುವ ರಿಯಾಯಿತಿ ಕಾಲು ಭಾಗಕ್ಕೆ ಹತ್ತಿರದಷ್ಟು ಕಡಿಮೆ. ಕೈಯ ಜೋರಿನ ಅಂದಾಜು ಕೆಡುವುದು ಬೇರೆ.

ಹಾಗಂತ ಚಿಕ್ಕ ಟೇಬಲ್ ಸುಲಭವಲ್ಲ. ಅಷ್ಟೇ ಗುಂಡುಗಳು ಕಡಿಮೆ ಜಾಗದಲ್ಲಿ ಗುಂಪುಗಟ್ಟುತ್ತವೆ, ವೈಟಿಗೆ ಓಡಾಡಲು ದಾರಿ ಇರುವುದಿಲ್ಲ. ಗುಂಪು ಒಡೆಯುವುದನ್ನೂ ಇಕ್ಕಟ್ಟಿನಲ್ಲಿ ಪೊಸಿಷನ್ ಹಿಡಿಯುವುದನ್ನೂ ಅಲ್ಲೇ ಕಲಿಯಬೇಕು. ದೊಡ್ಡ ಟೇಬಲಿನವರು ನಮ್ಮಲ್ಲಿಗೆ ಬಂದು ತಡಕಾಡುವುದು ಇದಕ್ಕೇ. 1954ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಿಲ್ಲಿ ಮಾಸ್ಕೋನಿ ಒಂದೂ ತಪ್ಪದೆ 526 ಗುಂಡು ಹಾಕಿದ್ದು ಎಂಟಡಿ ಟೇಬಲ್ ಮೇಲೆ. 2019ರಲ್ಲಿ ಜಾನ್ ಸ್ಮಿಟ್ 626 ಹಾಕಿ ಅದನ್ನು ದಾಟಿದ್ದು ಒಂಬತ್ತಡಿಯ ಮೇಲೆ. ಅಷ್ಟು ದೊಡ್ಡ ದಾಖಲೆಗಳನ್ನು ಹೋಲಿಸುವಾಗಲೂ ಬಲ್ಲವರು ಟೇಬಲಿನ ಅಳತೆ ಕೇಳುತ್ತಾರೆ. ನಮ್ಮ ಪಂಕಜ್ ಅಡ್ವಾಣಿ ಅರವಿಂದ್ ಸವೂರ್ ಅವರ ಮಾರ್ಗದರ್ಶನದಲ್ಲಿ, ಬೆಂಗಳೂರಿನ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಹನ್ನೆರಡಡಿ ಟೇಬಲ್‌ಗಳ ಮೇಲೆ ಬೆಳೆದವರು. 2003ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಚೀನಾದಲ್ಲಿ ವಿಶ್ವ ಸ್ನೂಕರ್ ಪಟ್ಟ ಗೆದ್ದರು. ಪ್ರತಿಭೆ ಅವರದು, ನಿಜ. ಆದರೆ ವಿಶ್ವಪಂದ್ಯದ ಅಳತೆಯೇ ಅವರ ದಿನದ ಅಭ್ಯಾಸದ ಅಳತೆಯೂ ಆಗಿತ್ತು.

ಆಡುವ ಹುಡುಗರಿಗೆ ನಾನು ಹೇಳುವುದಿಷ್ಟು. ಮಾಲೀಕರ ಮಾತು ನಂಬಬೇಡಿ, ಟೇಪು ಹಿಡಿದು ನೀವೇ ಅಳೆಯಿರಿ. ಅರ್ಜಿ ತುಂಬುವ ಮುಂಚೆ ಟೇಬಲ್ ಎಷ್ಟಡಿ, ಪಾಕೆಟ್ ಎಷ್ಟಿಂಚು ಎಂದು ಫೋನ್ ಮಾಡಿ ಕೇಳಿ. ಒಂಬತ್ತಡಿ ಸಿಗದಿದ್ದರೆ ಹತ್ತಿರದ ಸ್ನೂಕರ್ ಟೇಬಲ್ ಮೇಲೆ ಉದ್ದನೆಯ ನೇರ ಹೊಡೆತ ಅಭ್ಯಾಸ ಮಾಡಿ. ಅದರ ಗುಂಡೂ ಚಿಕ್ಕದು, ಪಾಕೆಟ್ಟೂ ಬಿಗಿ, ಹಾಗಾಗಿ ಕೈ ತಾನಾಗಿ ನೇರವಾಗುತ್ತದೆ. ಒಂದು ದಿನ ಮುಂಚೆಯೇ ಹೋಗಿ, ದುಡ್ಡು ಕೊಟ್ಟಾದರೂ ಅಲ್ಲಿ ಆಡಿ. ವೈಟನ್ನು ಈ ತುದಿಯಿಂದ ಆ ತುದಿಗೆ ಬಿಟ್ಟು ವಾಪಸ್ ಬರಿಸಿ, ಎಷ್ಟು ಜೋರಿಗೆ ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ.

ಪಂದ್ಯ ನಡೆಸುವವರಿಗೂ ಒಂದು ಮಾತು. ಟೇಬಲಿನ ಅಳತೆಯನ್ನು ಅರ್ಜಿಯಲ್ಲೇ ಬರೆಯಿರಿ, ಹೊರಗಿನಿಂದ ಬಂದವರಿಗೆ ಹತ್ತು ನಿಮಿಷ ಕೊಡಿ. ಚಿತ್ರದುರ್ಗದಲ್ಲಿ ಪಾರ್ಲರ್ ನಡೆಸುವ ಅಣ್ಣಂದಿರೇ, ಮುಂದಿನ ಸಲ ಟೇಬಲ್ ಕೊಳ್ಳುವಾಗ ಒಂದಾದರೂ ನಿಜವಾದ ಒಂಬತ್ತಡಿಯದು ತನ್ನಿ. ಇಕ್ಕಟ್ಟಿನ ಆಟ ನಮ್ಮ ಹುಡುಗರಿಗೆ ಆಗಲೇ ಬರುತ್ತದೆ. ಉಳಿದ ಹನ್ನೆರಡು ಇಂಚು ನೀವು ಕೊಟ್ಟರೆ, ಬೆಂಗಳೂರಲ್ಲಿ ಗೆದ್ದು ತೋರಿಸುವುದು ನಮ್ಮ ಜವಾಬ್ದಾರಿ.