ಜಾಂಗೋ ಬಳಗವನ್ನು ಸೇರುವ ಬಗೆ: ಕಲಬುರಗಿ, ಕಮಲಾಪುರದ ತರುಣರಿಗೆ

ಅಂತರ್ಜಾಲದಲ್ಲಿ ನಾವು ದಿನನಿತ್ಯ ತೆರೆಯುವ ತಾಣಗಳು, ಅವು ಬ್ಯಾಂಕಿನವಾಗಲಿ, ರೈಲ್ವೆಯವಾಗಲಿ, ಪತ್ರಿಕೆಯವಾಗಲಿ, ಒಳಗೆ ಮಾಡುವ ಕೆಲಸಗಳಲ್ಲಿ ಬಹುಪಾಲು ಒಂದೇ ಬಗೆಯವು: ಬಂದವರು ಯಾರೆಂದು ಗುರುತಿಸುವುದು, ಅವರು ತುಂಬಿದ ಅರ್ಜಿಯಲ್ಲಿ ತಪ್ಪಿದೆಯೇ ಎಂದು ನೋಡುವುದು, ಸರಿಯಾದುದನ್ನು ದತ್ತಕೋಶದಲ್ಲಿ ಇಡುವುದು, ಕೇಳಿದಾಗ ತೆಗೆದು ಪುಟವಾಗಿ ತೋರಿಸುವುದು. ಈ ಸಮಾನ ಕಾರ್ಯಗಳನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟು, ಎಲ್ಲರೂ ಅದರ ಮೇಲೆ ತಂತಮ್ಮ ತಾಣಗಳನ್ನು ಕಟ್ಟಿಕೊಳ್ಳುವಂತೆ ಒದಗಿಸಿದ ತಂತ್ರಾಂಶಕ್ಕೆ ವೆಬ್ ಫ್ರೇಮ್‌ವರ್ಕ್ ಎಂದು ಹೆಸರು. ಅಂತಹವುಗಳಲ್ಲಿ ಒಂದಾದ ಜಾಂಗೋ, 2003ರಲ್ಲಿ ಅಮೆರಿಕದ ಕಾನ್ಸಾಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ, ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬಿಬ್ಬರ ಕೈಯಲ್ಲಿ ರೂಪುಗೊಂಡು, 2005ರ ಜುಲೈಯಲ್ಲಿ ಸಾರ್ವಜನಿಕರಿಗೆ ಬಿಡುಗಡೆಯಾಯಿತು. ಪೈಥಾನ್ ಭಾಷೆಯಲ್ಲಿ ರಚಿತವಾದ ಅದನ್ನು ಯಾರಾದರೂ ಹಣ ಕೊಡದೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು.

ಕಡೆಯದಾದ ಆ ತಿದ್ದುವ ಅಧಿಕಾರವನ್ನು ಕುರಿತೇ ಈ ಲೇಖನ. ಕಲಬುರಗಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ, ಅಥವಾ ಓದು ಮುಗಿಸಿ ಕಮಲಾಪುರದ ತಮ್ಮ ಮನೆಯಲ್ಲಿ ಕುಳಿತು ಉದ್ಯೋಗವನ್ನು ಅರಸುತ್ತಿರುವ ತರುಣ ತರುಣಿಯರು, ಇಂತಹ ಕೆಲಸವು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಅಸಾಮಾನ್ಯ ಪ್ರತಿಭಾವಂತರಿಗೆ ಮಾತ್ರ ಸಲ್ಲತಕ್ಕದ್ದೆಂದು ಭಾವಿಸಿ ದೂರ ನಿಲ್ಲುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಜಾಂಗೋವಿನ ಒಡೆತನ ಯಾವ ವ್ಯಾಪಾರಿ ಸಂಸ್ಥೆಯದೂ ಅಲ್ಲ. 2008ರಲ್ಲಿ ಸ್ಥಾಪಿತವಾದ ಜಾಂಗೋ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಪ್ರತಿಷ್ಠಾನವು ಅದನ್ನು ಪೋಷಿಸುತ್ತಿದೆ. ಮೊದಲಿದ್ದ ‘ಕೋರ್ ಟೀಮ್’ ಎಂಬ ಆಯ್ದ ಕೆಲವರ ಮಂಡಲಿಯನ್ನು ಸಹ, ಆ ಹೆಸರೇ ಹೊಸಬರನ್ನು ಹಿಂಜರಿಯುವಂತೆ ಮಾಡುತ್ತಿದೆಯೆಂಬ ವಿಚಾರದಿಂದ, 2020ರಲ್ಲಿ ವಿಸರ್ಜಿಸಲಾಯಿತು. ಇಂದು ಅಲ್ಲಿ ವ್ಯವಹಾರವೆಲ್ಲ ಬರವಣಿಗೆಯಲ್ಲಿಯೇ ನಡೆಯುವುದರಿಂದ, ಬರೆದವರು ಎಲ್ಲಿಯವರು ಎಂಬುದಕ್ಕಿಂತ ಬರೆದದ್ದು ಎಷ್ಟು ಖಚಿತವಾಗಿದೆ ಎಂಬುದಕ್ಕೇ ಬೆಲೆ.

ನಮ್ಮ ನಾಡಿನಲ್ಲಿ ಇದಕ್ಕೆ ನಿದರ್ಶನವೂ ಇದೆ. ಆರನ್ ಸ್ವಾರ್ಟ್ಸ್ ಎಂಬ ಅಮೆರಿಕದ ತರುಣನು ರಚಿಸಿ 2006ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ವೆಬ್.ಪೈ ಎಂಬ ಇನ್ನೊಂದು ಫ್ರೇಮ್‌ವರ್ಕಿನ ಪಾಲನೆಯ ಹೊಣೆಯನ್ನು ಮುಂದೆ ಬಹುಕಾಲ ಹೊತ್ತವರು ಬೆಂಗಳೂರಿನಲ್ಲಿ ನೆಲಸಿದ ಆನಂದ್ ಚಿಟಿಪೋತು ಅವರು. ಜಗತ್ತಿನ ಪುಸ್ತಕಗಳ ಸೂಚಿಯಾದ ಓಪನ್ ಲೈಬ್ರರಿಯು ಕಟ್ಟಲ್ಪಟ್ಟಿರುವುದು ಈ ವೆಬ್.ಪೈ ಮೇಲೆಯೇ.

ಬಳಸುವುದೇ ಮೊದಲ ಹೆಜ್ಜೆ

ತಾನು ಬಳಸದ ತಂತ್ರಾಂಶಕ್ಕೆ ಯಾರೂ ಉಪಕಾರ ಮಾಡಲಾರರು. ಜಾಂಗೋವಿನ ಅಧಿಕೃತ ಕೈಪಿಡಿಯ ಆರಂಭಪಾಠವನ್ನು, ಒಂದು ಸಾಲನ್ನೂ ಬಿಡದೆ, ನಕಲು ಮಾಡಿ ಅಂಟಿಸದೆ, ಕೈಯಿಂದಲೇ ಟೈಪ್ ಮಾಡಿ ಮುಗಿಸಬೇಕು. ಆಮೇಲೆ ತಮ್ಮ ಊರಿಗೆ ಬೇಕಾದ ಒಂದು ಸಣ್ಣ ತಾಣವನ್ನು ಕಟ್ಟಬೇಕು. ಕಮಲಾಪುರದ ಕೆಂಪು ಬಾಳೆಗೂ ಈ ಜಿಲ್ಲೆಯ ತೊಗರಿ ಬೇಳೆಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆಯಷ್ಟೆ. ಯಾವ ಹಳ್ಳಿಯಲ್ಲಿ ಯಾರು ಎಷ್ಟು ಎಕರೆ ಬೆಳೆದಿದ್ದಾರೆ, ಕೊಯ್ಲು ಯಾವಾಗ ಎಂಬುದನ್ನು ಬರೆದಿಡುವ ಒಂದು ಪಟ್ಟಿಯಾದರೂ ಸಾಕು. ಆದರೆ ಅದರಲ್ಲಿ ಊರಿನ ಹೆಸರು, ರೈತರ ಹೆಸರು, ಬೆಳೆಯ ಹೆಸರು ಎಲ್ಲವೂ ಕನ್ನಡ ಲಿಪಿಯಲ್ಲಿಯೇ ಇರಲಿ. ಇದನ್ನು ಭಾಷಾಭಿಮಾನದಿಂದ ಮಾತ್ರ ಹೇಳುತ್ತಿಲ್ಲ; ಇಂಗ್ಲಿಷಿನಲ್ಲಿ ಮಾತ್ರ ಬರೆಯುವವರ ಕಣ್ಣಿಗೆ ಎಂದೂ ಬೀಳದ ದೋಷಗಳು ನಮ್ಮ ಲಿಪಿಯಲ್ಲಿ ಬರೆದೊಡನೆ ಎದ್ದು ಕಾಣುತ್ತವೆ.

ಒಂದನ್ನು ಈಗಲೇ ಪರೀಕ್ಷಿಸಿ ನೋಡಬಹುದು. ಶೀರ್ಷಿಕೆಯೊಂದನ್ನು ವಿಳಾಸದ ತುಣುಕಾಗಿ ಮಾರ್ಪಡಿಸಲು ಜಾಂಗೋವಿನಲ್ಲಿ ಸ್ಲಗಿಫೈ ಎಂಬ ಕಾರ್ಯಭಾಗವಿದೆ. ಅದಕ್ಕೆ ‘ಕಲಬುರಗಿ’ ಎಂದು ಕೊಟ್ಟರೆ ಮರಳಿ ಬರುವುದು ಶೂನ್ಯ, ಒಂದು ಅಕ್ಷರವೂ ಇಲ್ಲ. ಏಕೆಂದರೆ ರೋಮನ್ ಲಿಪಿಯಲ್ಲದ್ದನ್ನು ಅದು ತಾನಾಗಿಯೇ ತೊಡೆದುಹಾಕುತ್ತದೆ. ಯೂನಿಕೋಡ್ ಅಕ್ಷರಗಳನ್ನು ಉಳಿಸು ಎಂಬ ಆಯ್ಕೆಯನ್ನು ಸೇರಿಸಿ ಮತ್ತೆ ಕೇಳಿದರೆ ‘ಕಲಬರಗ’ ಎಂದು ಬರುತ್ತದೆ, ‘ಕಮಲಾಪುರ’ವು ‘ಕಮಲಪರ’ವಾಗುತ್ತದೆ. ಕೊಂಬು, ಗುಡಿಸು, ದೀರ್ಘ ಎಲ್ಲವೂ ಉದುರಿಹೋಗಿ ಬರಿಯ ಅಕಾರಾಂತ ವ್ಯಂಜನಗಳು ಉಳಿದಿವೆ. ಇದನ್ನು ಕಂಡೊಡನೆ ಜಾಂಗೋವಿನಲ್ಲಿ ಘೋರ ತಪ್ಪಿದೆಯೆಂದು ದೂರು ಬರೆಯುವ ಉತ್ಸಾಹ ಬರುವುದು ಸಹಜ. ತಡೆಯಬೇಕು. ಆ ಕಾರ್ಯಭಾಗದ ಮೂಲವನ್ನು ತೆರೆದು ಓದಿದರೆ, ಕೆಲವೇ ಸಾಲುಗಳ ಆ ರಚನೆಯು ಯಾವುದು ‘ಪದದ ಅಕ್ಷರ’, ಯಾವುದು ಅಲ್ಲ ಎಂಬ ನಿರ್ಣಯವನ್ನು ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ ವಿಭಾಗಕ್ಕೆ ಬಿಟ್ಟಿರುವುದೂ, ಆ ವಿಭಾಗವು ಸ್ವರಚಿಹ್ನೆಗಳನ್ನು ಅಕ್ಷರಗಳೆಂದು ಎಣಿಸದಿರುವುದೂ ಕಂಡುಬರುತ್ತದೆ. ದೋಷದ ಮನೆ ಬೇರೆ, ಅದು ಕಾಣಿಸಿಕೊಂಡ ಬಾಗಿಲು ಬೇರೆ. ಪೈಥಾನ್ ಬಳಗದಲ್ಲಿ ಇದು ಬಹು ವರ್ಷಗಳ ಹಿಂದೆಯೇ ದಾಖಲಾದ ಸಂಗತಿ. ಹೀಗೆ ಬೇರಿನವರೆಗೆ ಹೋಗಿ ಬಂದವರಿಗೆ, ಪ್ಯಾಚ್ (ತಿದ್ದುಪಡಿ) ಒಂದನ್ನೂ ಕಳುಹಿಸದೆಯೇ, ಜಾಂಗೋ ಬಳಗದ ಕೆಲಸದ ಅರ್ಧ ವಿದ್ಯೆ ಬಂದಂತೆಯೇ ಸರಿ.

ಮೂಲವನ್ನು ಮನೆಗೆ ತರುವುದು

ಅನಂತರ ಜಾಂಗೋವಿನ ಮೂಲವನ್ನೇ ತಮ್ಮ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು. ಗಿಟ್‌ಹಬ್ ಎಂಬ ತಾಣದಲ್ಲಿ ಖಾತೆ ತೆರೆದು, ಜಾಂಗೋವಿನ ಭಂಡಾರವನ್ನು ಫೋರ್ಕ್ ಮಾಡಿ, ಆ ಪ್ರತಿಯನ್ನು ಕ್ಲೋನ್ ಮಾಡತಕ್ಕದ್ದು. ಮೊಬೈಲ್ ಫೋನಿನ ಡೇಟಾವನ್ನೇ ನೆಚ್ಚಿಕೊಂಡವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಷ್ಟು ವರ್ಷಗಳ ಎಲ್ಲ ಬದಲಾವಣೆಗಳ ಚರಿತ್ರೆಯೊಡನೆ ಇಳಿಸಿಕೊಂಡರೆ ಸುಮಾರು 250 ಎಂಬಿ ಆಗುತ್ತದೆ; ಕ್ಲೋನ್ ಆಜ್ಞೆಗೆ ‘ಡೆಪ್ತ್ 1’ ಎಂಬ ಆಯ್ಕೆಯನ್ನು ಸೇರಿಸಿದರೆ ಸುಮಾರು 70 ಎಂಬಿಯಲ್ಲಿ ಕೆಲಸ ಮುಗಿಯುತ್ತದೆ. ಕಾಲೇಜಿನ ಪ್ರಯೋಗಾಲಯದ ಯಂತ್ರಗಳಲ್ಲಿ ಹಳೆಯ ಪೈಥಾನ್ ಇರುವುದುಂಟು. ಜಾಂಗೋವಿನ ಹೊಸ ಆವೃತ್ತಿ ಅದನ್ನು ಒಪ್ಪದು, ಆದುದರಿಂದ ಮೊದಲು ಪೈಥಾನನ್ನು ಹೊಸದಾಗಿಸಿ, ವರ್ಚುವಲ್ ಎನ್ವಿರಾನ್‌ಮೆಂಟ್ ಒಂದನ್ನು ಪ್ರತ್ಯೇಕವಾಗಿ ಮಾಡಿಕೊಂಡು ಮುಂದುವರಿಯುವುದು ಲೇಸು.

ಇಳಿಸಿದ ಮೇಲೆ ಟೆಸ್ಟ್ಸ್ ಎಂಬ ಕಡತಕೋಶಕ್ಕೆ ಹೋಗಿ ರನ್‌ಟೆಸ್ಟ್ಸ್ ಎಂಬುದನ್ನು ನಡೆಸಬೇಕು. ಸಹಸ್ರಾರು ಪರೀಕ್ಷೆಗಳು ಒಂದರ ಹಿಂದೊಂದು ಚುಕ್ಕೆಗಳಾಗಿ ತೆರೆಯ ಮೇಲೆ ಸಾಗುವುದನ್ನು ನೋಡಿದರೆ, ಇದನ್ನು ಕಾಪಾಡಿಕೊಂಡು ಬಂದವರ ಶ್ರದ್ಧೆ ಎಂತಹುದೆಂಬುದು ಅರಿವಾಗುತ್ತದೆ. ಎಸ್‌ಕ್ಯುಲೈಟ್ ಎಂಬ ಸಣ್ಣ ದತ್ತಕೋಶದಿಂದಲೇ ಇದು ನಡೆಯುವುದರಿಂದ ಬೇರೆ ಸರ್ವರ್ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪಿನವರು, ಅಥವಾ ಬೇಸಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ತಿಳಿಯದವರು, ತಮಗೆ ಬೇಕಾದ ಒಂದು ಭಾಗದ ಪರೀಕ್ಷೆಗಳನ್ನು ಮಾತ್ರ ನಡೆಸಿದರೆ ಸಾಕು.

ಟಿಕೆಟ್ಟುಗಳ ಓದು

ಜಾಂಗೋವಿನ ದೂರುಗಳೆಲ್ಲ ಟ್ರ್ಯಾಕ್ ಎಂಬ ದಾಖಲೆಯಲ್ಲಿ ಟಿಕೆಟ್ಟುಗಳ ರೂಪದಲ್ಲಿರುತ್ತವೆ. ಹೊಸದಾಗಿ ಬಂದದ್ದು ‘ಅನ್‌ರಿವ್ಯೂಡ್’. ಯಾರಾದರೂ ಅದನ್ನು ತಮ್ಮ ಯಂತ್ರದಲ್ಲಿ ಮರಳಿ ಉಂಟುಮಾಡಿ ನೋಡಿ, ಇದು ನಿಜವಾದ ದೋಷವೆಂದು ದೃಢಪಡಿಸಿದಾಗ ‘ಆಕ್ಸೆಪ್ಟೆಡ್’. ಪ್ಯಾಚ್ ಬಂದು, ಇನ್ನೊಬ್ಬರು ಪರಿಶೀಲಿಸಿ ಒಪ್ಪಿದಾಗ ‘ರೆಡಿ ಫಾರ್ ಚೆಕಿನ್’. ತಾನು ಬರೆದ ಟಿಕೆಟ್ಟನ್ನು ತಾನೇ ಒಪ್ಪುವಂತಿಲ್ಲ, ತನ್ನ ಪ್ಯಾಚಿಗೆ ತಾನೇ ಮುದ್ರೆ ಒತ್ತುವಂತಿಲ್ಲ. ದೃಢಪಡಿಸುವ ಈ ಕೆಲಸವನ್ನು ಮಾಡಲು ಯಾವ ಪದವಿಯೂ ಬೇಕಿಲ್ಲವೆಂಬುದನ್ನು ಬಹು ಮಂದಿ ಅರಿಯರು.

ಹೊಸಬರು ಕೆಲವು ವಾರಗಳ ಕಾಲ ಇದೊಂದನ್ನೇ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಟಿಕೆಟ್ಟನ್ನು ತೆಗೆದುಕೊಂಡು, ಅದರಲ್ಲಿ ಹೇಳಿದ ತೊಂದರೆಯನ್ನು ಹತ್ತಿಪ್ಪತ್ತು ಸಾಲುಗಳ ಸಣ್ಣ ಪ್ರಯೋಗದಲ್ಲಿ ಮರಳಿ ತೋರಿಸಲು ಸಾಧ್ಯವೇ ಎಂದು ನೋಡಿ, ಜಾಂಗೋವಿನ ಯಾವ ಆವೃತ್ತಿ, ಪೈಥಾನಿನ ಯಾವ ಆವೃತ್ತಿ, ಯಾವ ದತ್ತಕೋಶ ಎಂಬುದನ್ನು ನಮೂದಿಸಿ, ಕಂಡದ್ದನ್ನು ಕಂಡಂತೆ ಬರೆಯಬೇಕು. ಆಗಲಿಲ್ಲವಾದರೆ ಆಗಲಿಲ್ಲವೆಂದೂ ಬರೆಯಬೇಕು. ಅದೂ ಉಪಯುಕ್ತವಾದ ಸಾಕ್ಷ್ಯವೇ. ಇಂಗ್ಲಿಷು ಅಲಂಕಾರವಿಲ್ಲದೆ ಸರಳವಾಗಿದ್ದಷ್ಟೂ ಒಳ್ಳೆಯದು. ಆದರೆ ಸುರಕ್ಷತೆಗೆ ಭಂಗ ತರುವಂತಹ ದೋಷವೇನಾದರೂ ಕಂಡರೆ, ಅದನ್ನು ಎಲ್ಲರೂ ಓದುವ ಟಿಕೆಟ್ಟಿನಲ್ಲಿ ಬರೆಯಲೇಬಾರದು; ಸುರಕ್ಷತಾ ತಂಡಕ್ಕೆ ಖಾಸಗಿಯಾಗಿ ತಿಳಿಸತಕ್ಕದ್ದು.

ಮೊದಲು ಟಿಕೆಟ್ಟುಗಳನ್ನು ಓದಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ವೆಬ್ ಫ್ರೇಮ್‌ವರ್ಕಿನ ಪರಿಚಯಪತ್ರದಲ್ಲಿ ತಮ್ಮ ಹೆಸರನ್ನು ಸೇರಿಸಿರೆಂದು ಕೋರುವ ಪುಲ್ ರಿಕ್ವೆಸ್ಟುಗಳು, ಎಂದರೆ ಬದಲಾವಣೆಯ ಮನವಿಗಳು, ರಾಶಿರಾಶಿಯಾಗಿ ಬಂದವು. ಪಾಠದ ವಿಡಿಯೋ ಒಂದನ್ನು ನೋಡಿ, ಅದರಲ್ಲಿ ತೋರಿಸಿದ್ದನ್ನು ಹಾಗೆಯೇ ಅನುಸರಿಸಿದ ನಮ್ಮ ದೇಶದ ವಿದ್ಯಾರ್ಥಿಗಳೇ ಅವರಲ್ಲಿ ಬಹಳ ಮಂದಿ. ಸಂಬಳವಿಲ್ಲದೆ ದುಡಿಯುವ ಪಾಲಕರು ದಿನಗಟ್ಟಲೆ ಅವುಗಳನ್ನು ಮುಚ್ಚುತ್ತ ಕೂರಬೇಕಾಯಿತು. ಆ ಮಕ್ಕಳಲ್ಲಿ ದುರುದ್ದೇಶವಿರಲಿಲ್ಲ. ಕಲಿಯುವ ಹಂಬಲವೇ ಇತ್ತು, ದಾರಿ ತೋರಿಸುವವರು ಇರಲಿಲ್ಲ. ಯಂತ್ರಬುದ್ಧಿಯಿಂದ ಬರೆಯಿಸಿದ ಪ್ಯಾಚುಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು: ಪರಿಶೀಲಕರು ಕೇಳಿದಾಗ ಪ್ರತಿಯೊಂದು ಸಾಲಿಗೂ ಕಾರಣ ಹೇಳಲಾರದವರು ಅದನ್ನು ಕಳುಹಿಸಬಾರದು.

ಮೊದಲ ಪ್ಯಾಚ್

ಓದು ಪಳಗಿದ ಮೇಲೆ ‘ಈಸಿ ಪಿಕಿಂಗ್ಸ್’ ಎಂದು ಗುರುತಿಸಿದ, ಆಕ್ಸೆಪ್ಟೆಡ್ ಆಗಿರುವ, ಯಾರೂ ವಹಿಸಿಕೊಳ್ಳದ ಒಂದು ಟಿಕೆಟ್ಟನ್ನು ತಮ್ಮ ಹೆಸರಿಗೆ ಬರೆದುಕೊಳ್ಳಬಹುದು. ಕಾಲ ಸಿಗದಿದ್ದರೆ ಸಂಕೋಚವಿಲ್ಲದೆ ಬಿಟ್ಟುಕೊಡಬೇಕು. ಪರಿಹಾರವನ್ನು ಬರೆಯುವ ಮೊದಲು, ಈಗ ಸೋಲುವ, ಪರಿಹಾರದ ಅನಂತರ ಗೆಲ್ಲುವ ಟೆಸ್ಟ್ ಒಂದನ್ನು ಬರೆಯಬೇಕು. ಟೆಸ್ಟ್ ಇಲ್ಲದ ಪ್ಯಾಚ್ ಎಷ್ಟು ಚೆನ್ನಾಗಿದ್ದರೂ ನಿಂತಲ್ಲಿಯೇ ನಿಲ್ಲುತ್ತದೆ. ಕಮಿಟ್ ಸಂದೇಶಕ್ಕೂ ಕ್ರಮವಿದೆ: ‘ಫಿಕ್ಸ್‌ಡ್’ ಎಂಬ ಮಾತು, ಹ್ಯಾಷ್ ಚಿಹ್ನೆಯೊಡನೆ ಟಿಕೆಟ್ಟಿನ ಸಂಖ್ಯೆ, ಎರಡು ಅಡ್ಡಗೆರೆ, ಆಮೇಲೆ ಭೂತಕಾಲದಲ್ಲಿ ಒಂದು ವಾಕ್ಯ, ಕೊನೆಗೆ ಪೂರ್ಣವಿರಾಮ. ಪರಿಶೀಲಕರು ತಿದ್ದುಪಡಿ ಕೇಳಿದರೆ ಅದು ತಿರಸ್ಕಾರವಲ್ಲ. ಎರಡು ಮೂರು ಸಲ ಮರಳಿ ಬರುವುದೇ ಅಲ್ಲಿಯ ವಾಡಿಕೆ. ಒಬ್ಬರೇ ನಡೆಯಲು ಅಳುಕುವವರಿಗಾಗಿ ಜಾಂಗೊನಾಟ್ ಸ್ಪೇಸ್ ಎಂಬ ಎಂಟು ವಾರಗಳ ಮಾರ್ಗದರ್ಶನ ಕಾರ್ಯಕ್ರಮವೂ ನಡೆಯುತ್ತದೆ.

ಕೈಪಿಡಿಯ ಪರಿಷ್ಕರಣವನ್ನು ಕೀಳೆಂದು ಎಣಿಸುವವರಿದ್ದಾರೆ. ಅದು ಸರಿಯಲ್ಲ. ನಮ್ಮ ಈ ಜಿಲ್ಲೆಯ ಮರತೂರು, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾದುದು. ಮೂಲಗ್ರಂಥವು ಮತ್ತೊಬ್ಬನದು, ಶತಮಾನಗಳ ಕಾಲ ದೇಶದ ಬಹುಭಾಗಕ್ಕೆ ಆಸ್ತಿಯ ಉತ್ತರಾಧಿಕಾರದ ನ್ಯಾಯವನ್ನು ತಿಳಿಸಿದ್ದು ಈ ವ್ಯಾಖ್ಯಾನ. ಅರ್ಥವಾಗದ ಒಂದು ಪರಿಚ್ಛೇದವನ್ನು ಮುಂದಿನವರಿಗೆ ಅರ್ಥವಾಗುವಂತೆ ತಿದ್ದುವುದು ನಿಜವಾದ ಪಾಂಡಿತ್ಯದ ಕೆಲಸ.

ಕನ್ನಡದ ಪಾಲು, ಊರಿನ ಕೂಟ

ಜಾಂಗೋವಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಆದರೆ ಅದರ ಅನುವಾದದ ಕಡತವನ್ನು ತೆರೆದರೆ ತುಂಬದ ಸಾಲುಗಳು ಕಾಣುತ್ತವೆ. ಟ್ರಾನ್ಸಿಫೆಕ್ಸ್ ಎಂಬ ತಾಣದಲ್ಲಿ ಕನ್ನಡ ತಂಡವನ್ನು ಸೇರಿ ಅವುಗಳನ್ನು ತುಂಬಬಹುದು. ಇಲ್ಲಿ ಪ್ರೋಗ್ರಾಂ ಬರೆಯಲು ಬಾರದ ಕನ್ನಡ ಅಧ್ಯಾಪಕರ ನೆರವು ಅಮೂಲ್ಯವಾದುದು. ಉದಾಹರಣೆಗೆ, ಇಂತಹ ವಸ್ತುವನ್ನು ಅಳಿಸಲಾಯಿತು ಎಂಬ ಸಂದೇಶದಲ್ಲಿ ವಸ್ತುವಿನ ಹೆಸರು ಆಮೇಲೆ ಬಂದು ಕೂಡುವ ಖಾಲಿ ಸ್ಥಳ. ಅಲ್ಲಿಗೆ ಬಾಳೆ ಬಂದರೆ ‘ಯನ್ನು’, ಪುಸ್ತಕ ಬಂದರೆ ‘ವನ್ನು’, ರೈತ ಬಂದರೆ ‘ನನ್ನು’ ಬೇಕಾಗುತ್ತದೆ. ಯಾವುದು ಬರುವುದೆಂದು ಅನುವಾದಕನಿಗೆ ತಿಳಿಯದು. ಆದುದರಿಂದ ವಿಭಕ್ತಿಯೇ ಬೇಡವಾಗುವಂತೆ ‘ಅಳಿಸಲಾಗಿದೆ’ ಎಂಬುದನ್ನು ಮೊದಲಿಟ್ಟು, ಹೆಸರನ್ನು ಕೋಲನ್ ಚಿಹ್ನೆಯ ಆಚೆಗೆ ಪ್ರತ್ಯೇಕವಾಗಿ ನಿಲ್ಲಿಸಬೇಕು. ಆ ಖಾಲಿ ಸ್ಥಳದ ಸಂಕೇತವನ್ನು ಮಾತ್ರ, ಅದರ ಶೇಕಡಾ ಚಿಹ್ನೆ, ಆವರಣ, ರೋಮನ್ ಅಕ್ಷರಗಳ ಸಮೇತ, ಇದ್ದಂತೆಯೇ ಉಳಿಸಬೇಕು. ಒಂದು ಅಕ್ಷರ ಕೆಟ್ಟರೂ ಪುಟ ತೆರೆಯದು.

ಇದನ್ನು ಕೂಡಿ ಮಾಡಿದರೆ ಚೆಂದ. ಕಲಬುರಗಿಯ ಯಾವುದಾದರೂ ಕಾಲೇಜಿನ ಪ್ರಯೋಗಾಲಯವನ್ನು ಪ್ರಾಚಾರ್ಯರ ಅನುಮತಿ ಪಡೆದು ತಿಂಗಳಿಗೊಂದು ಭಾನುವಾರ ಬಳಸಿಕೊಳ್ಳಬಹುದು. ಐದಾರು ಮಂದಿ ಇದ್ದರೂ ಸಾಕು. ಕಮಲಾಪುರದವರಿಗೆ ಬಸ್ಸಲ್ಲದೆ, 2017ರಲ್ಲಿ ಆರಂಭವಾದ ಬೀದರ ಮಾರ್ಗದ ರೈಲೂ ಇದೆ. ಒಂದು ಕೂಟದಲ್ಲಿ ಒಂದೇ ಟಿಕೆಟ್ಟನ್ನು ಎಲ್ಲರೂ ಓದಿ, ತಂತಮ್ಮ ಯಂತ್ರದಲ್ಲಿ ಪರೀಕ್ಷಿಸಿ, ಒಂದೇ ಉತ್ತರವನ್ನು ಬರೆಯಲಿ. ಜಾಂಗೋವಿನ ಹೊಸ ಆವೃತ್ತಿ ಸುಮಾರು ಎಂಟು ತಿಂಗಳಿಗೊಮ್ಮೆ ಹೊರಬರುತ್ತದೆ. ಅದಕ್ಕೆ ಮುಂಚೆ ರಿಲೀಸ್ ಕ್ಯಾಂಡಿಡೇಟ್ ಎಂಬ ಕರಡು ಬಂದಾಗ ಅನುವಾದಿಸಬೇಕಾದ ವಾಕ್ಯಗಳು ಸ್ಥಿರಗೊಳ್ಳುತ್ತವೆ, ಅಲ್ಲಿಂದ ಅಂತಿಮ ಬಿಡುಗಡೆಗೆ ಎರಡು ವಾರಗಳಷ್ಟೇ ಅವಕಾಶ. ಆ ದಿನಾಂಕಗಳು ಮುಂಚಿತವಾಗಿಯೇ ಪ್ರಕಟವಾಗುವುದರಿಂದ, ಕೂಟದವರು ಅವನ್ನು ಗುರುತು ಹಾಕಿಟ್ಟುಕೊಂಡು, ಆ ನಡುವಣ ಭಾನುವಾರವನ್ನು ಪೂರ್ತಿಯಾಗಿ ಕನ್ನಡದ ಸಾಲುಗಳಿಗೆ ಮೀಸಲಿಡಲಿ.