ಹೊಗೆ ಬಿಡದೆ ಸರಕು ಎತ್ತುವುದು ಹೇಗೆ?



ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಸಮುದ್ರವಿಲ್ಲ. ಆದರೂ ಬಂದರಿನ ವಿಷಯ ನಮಗೆ ಬೇಕು. ಯಾಕೆಂದರೆ ನಮ್ಮ ಜಿಲ್ಲೆಯ ಕಾಫಿ ಮಂಗಳೂರಿನ ಹತ್ತಿರದ ಪಣಂಬೂರಿನಿಂದಲೂ ಹಡಗು ಹತ್ತುತ್ತದೆ. ಅಲ್ಲಿನ ನವಮಂಗಳೂರು ಬಂದರು 1974ರಲ್ಲಿ ದೇಶದ 9ನೇ ಪ್ರಮುಖ ಬಂದರಾಯಿತು.

ಬಂದರುಗಳಲ್ಲಿ ಸರಕು ಎತ್ತಲು, ಇಳಿಸಲು, ಎಳೆಯಲು ಕ್ರೇನ್, ಫೋರ್ಕ್‌ಲಿಫ್ಟ್, ಟ್ರ್ಯಾಕ್ಟರ್ ಇರುತ್ತವೆ. ಇವುಗಳಲ್ಲಿ ಬಹಳಷ್ಟು ಡೀಸೆಲ್‌ನಿಂದ ಓಡುತ್ತವೆ. ನಮ್ಮಪ್ಪ ಹಮಾಲಿ. ಲಾರಿಯವರು ಇಂಜಿನ್ ಆಫ್ ಮಾಡದಿದ್ರೆ ಮೂಟೆ ಹೊರುವವರ ಮೂಗಿಗೇ ಹೊಗೆ ನುಗ್ಗುತ್ತೆ ಅಂತಾರೆ. ಆ ಹೊಗೆಯ ಮಸಿ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಹೇಳಿತು.

ಇದಕ್ಕೆ ಉಪಾಯಗಳು:

1. ಕರೆಂಟ್ ಕ್ರೇನ್. ದಪ್ಪ ಕೇಬಲ್‌ನಿಂದ ವಿದ್ಯುತ್ ಪಡೆಯುತ್ತದೆ. ಭಾರ ಕೆಳಗಿಳಿಯುವಾಗ ಮೋಟಾರು ಡೈನಮೋ ಥರ ತಿರುಗಿ ಸ್ವಲ್ಪ ವಿದ್ಯುತ್ ವಾಪಸ್ಸು ಕೊಡುವಂತೆಯೂ ಮಾಡಬಹುದು.

2. ಬ್ಯಾಟರಿ ಗಾಡಿ. ಸುಮ್ಮನೆ ನಿಂತಾಗ ಇದರ ಮೋಟಾರು ಓಡಬೇಕಾಗಿಲ್ಲ.

3. ಕನ್ವೇಯರ್ ಬೆಲ್ಟ್. ಕಲ್ಲಿದ್ದಲು, ಅದಿರನ್ನು ಲಾರಿಯಿಲ್ಲದೆ ಸಾಗಿಸುತ್ತದೆ.

ಅಮೆರಿಕದ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳು 2030ರೊಳಗೆ ಇಂಥ ಎಲ್ಲ ಯಂತ್ರಗಳನ್ನೂ ಹೊಗೆರಹಿತ ಮಾಡುವ ಗುರಿಯನ್ನು 2017ರಲ್ಲಿ ಇಟ್ಟುಕೊಂಡವು. ನಮ್ಮ ಕೇಂದ್ರ ಸರ್ಕಾರವೂ 2023ರಲ್ಲಿ ‘ಹರಿತ ಸಾಗರ’ ಎಂಬ ಮಾರ್ಗಸೂಚಿ ತಂದಿತು. 2030ರೊಳಗೆ ಬಂದರಿನ ಅರ್ಧಕ್ಕಿಂತ ಹೆಚ್ಚು ಯಂತ್ರಗಳು ವಿದ್ಯುತ್ತಿನಿಂದ ಓಡಬೇಕು ಎಂಬುದು ಅದರ ಗುರಿ.

ಆದರೆ ಒಂದು ಮಾತು. ಕರೆಂಟನ್ನು ಕಲ್ಲಿದ್ದಲು ಸುಟ್ಟು ಮಾಡಿದರೆ ಹೊಗೆ ಬಂದರಿನಲ್ಲಿ ಬರಲ್ಲ, ಬೇರೆ ಊರಲ್ಲಿ ಬರುತ್ತೆ! ಆದ್ದರಿಂದ ಬಿಸಿಲು, ಗಾಳಿ, ನೀರಿನಿಂದ ಮಾಡಿದ ವಿದ್ಯುತ್ ಬೇಕು.

ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯದೇ. ಕುದುರೆಮುಖದ ಕಬ್ಬಿಣದ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಕಳಿಸುತ್ತಿದ್ದರು. ದಾರಿಯಲ್ಲಿ ಲಾರಿಯೂ ಇಲ್ಲ, ಹೊಗೆಯೂ ಇಲ್ಲ. ಆದರೆ ಗಣಿಯಿಂದ ಕಾಡಿಗೆ, ಭದ್ರಾ ನದಿಗೆ ಹಾನಿಯಾಯಿತು. ಅದೇ ಭದ್ರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಅಣೆಕಟ್ಟೆಗೆ ಬರುವುದು. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಹೊಗೆ ಇಲ್ಲ ಅಂದ ಮಾತ್ರಕ್ಕೆ ಹಾನಿ ಇಲ್ಲ ಅಂತಲ್ಲ ಎಂದು ಇದರಿಂದ ತಿಳಿಯುತ್ತದೆ.

ಹೊಸ ಯಂತ್ರ ಬಂದರೆ ಹಮಾಲಿಗಳ ಎದೆಗೆ ಒಳ್ಳೇದು. ಆದರೆ ಕೆಲಸ? ಅದನ್ನು ನಡೆಸುವುದನ್ನು ಅವರಿಗೇ ಕಲಿಸಬೇಕು ಅಂತ ನನ್ನ ಅಭಿಪ್ರಾಯ. ನೀವು ಏನಂತೀರಿ? ಬರೆದು ಪಕ್ಕದಲ್ಲಿ ಅಂಟಿಸಿ.

– 7ನೇ ತರಗತಿ ವಿದ್ಯಾರ್ಥಿ