ರಾಸುಗಳಲ್ಲಿ ನರಹುಲಿ: ಕಾಯುವುದು ಯಾವಾಗ, ಚಿಕಿತ್ಸೆ ಮಾಡಿಸುವುದು ಯಾವಾಗ?

ಕಡಸಿನ ಕತ್ತಿನ ಮೇಲೋ ಕಣ್ಣಿನ ಸುತ್ತಲೋ ಹೂಕೋಸಿನಂತಹ ಗಂಟುಗಳೆದ್ದರೆ ಮನೆಯವರು ಗಾಬರಿಯಾಗುವುದು ಸಹಜ. ಜಾತ್ರೆಗೋ ಸಂತೆಗೋ ಹೊಡೆದುಕೊಂಡು ಹೋದರೆ ದಲ್ಲಾಳಿ ಮೊದಲು ಬೆರಳು ತೋರಿಸುವುದೇ ಆ ಗಂಟಿನ ಕಡೆಗೆ. ಬೆಲೆ ಇಳಿಸಲು ಅವನಿಗೆ ಅಷ್ಟು ಸಾಕು. ಇದೇ ನರಹುಲಿ. ಕೆಲವು ಕಡೆ ನರೂಲಿ ಎಂದೂ ಹೇಳುವರು. ಎಳೆಯ ರಾಸುಗಳ ಮೈಮೇಲೆ ಬರುವ ನರಹುಲಿ ಬಹುಪಾಲು ತಾನಾಗಿಯೇ ಉದುರಿ ಹೋಗುತ್ತದೆ ಎಂಬುದನ್ನು ಸದಸ್ಯರು ಮೊದಲು ತಿಳಿದಿರಬೇಕು. ಆದರೆ ಮೊಲೆತೊಟ್ಟಿನ ಮೇಲೆ ಬಂದ ನರಹುಲಿಯ ಲೆಕ್ಕ ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ನಷ್ಟವಾಗುವುದು.

ರೋಗ ಹರಡುವ ಬಗೆ

ನರಹುಲಿಗೆ ಕಾರಣ ಪ್ಯಾಪಿಲೋಮ ಎಂಬ ವೈರಾಣು. ಗಾಯವಿಲ್ಲದ ಚರ್ಮದ ಮೂಲಕ ಇದು ಸುಲಭವಾಗಿ ಒಳಹೋಗಲಾರದು. ಮುಳ್ಳುತಂತಿ ಗೀರಿದ ಜಾಗ, ಕತ್ತಿನ ಹಗ್ಗ ಉಜ್ಜಿದ ಜಾಗ, ಉಣ್ಣೆ ಕಚ್ಚಿದ ಜಾಗ, ಮೂಗುದಾರ ಅಥವಾ ಕಿವಿಯೋಲೆ ಹಾಕಲು ಚುಚ್ಚಿದ ತೂತು, ಇವೇ ಅದಕ್ಕೆ ಬಾಗಿಲು. ಒಂದು ರಾಸಿನ ಹಗ್ಗವನ್ನು ಇನ್ನೊಂದಕ್ಕೆ ಕಟ್ಟಿದಾಗ, ಒಂದೇ ಸೂಜಿಯನ್ನು ನಾಲ್ಕು ರಾಸುಗಳಿಗೆ ಚುಚ್ಚಿದಾಗ, ಹಾಲು ಹಿಂಡಿದ ಕೈಯನ್ನು ತೊಳೆಯದೆ ಮುಂದಿನ ಹಸುವಿಗೆ ಹಾಕಿದಾಗ ರೋಗ ಕೊಟ್ಟಿಗೆಯೆಲ್ಲಾ ಹಬ್ಬುತ್ತದೆ. ವೈರಾಣು ಒಳಹೊಕ್ಕ ಒಂದರಿಂದ ಆರು ತಿಂಗಳಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಗಾಯ ಮಾಯ್ದು ಎಲ್ಲರಿಗೂ ಮರೆತೇ ಹೋಗಿರುತ್ತದೆ.

ಎರಡು ವರ್ಷದೊಳಗಿನ ಕರು, ಕಡಸುಗಳಲ್ಲಿ ಇದು ಹೆಚ್ಚು. ಈ ವೈರಾಣುವಿನಲ್ಲಿ ಹಲವು ಬಗೆಗಳಿದ್ದು, ತೊಟ್ಟಿಗೆ ಬರುವ ಬಗೆ ಸಾಮಾನ್ಯವಾಗಿ ಮೈಗೆ ಬರುವ ಬಗೆಯಲ್ಲ. ಆದ್ದರಿಂದ ಕರುವಾಗಿದ್ದಾಗ ಒಮ್ಮೆ ಬಂದು ಹೋಯಿತೆಂದು ತೊಟ್ಟಿಗೆ ಬರುವುದಿಲ್ಲ ಎನ್ನುವಂತಿಲ್ಲ. ಮನುಷ್ಯರ ನರಹುಲಿಗೆ ಕಾರಣವಾದ ವೈರಾಣುವೇ ಬೇರೆ. ಹಸುವಿನಿಂದ ಹಿಂಡುವವರ ಕೈಗೆ ನರಹುಲಿ ಅಂಟುತ್ತದೆ ಎಂಬ ಭಯ ಬೇಡ.

ಚರ್ಮಗಂಟು ರೋಗವೆಂದು ತಪ್ಪು ತಿಳಿಯಬೇಡಿ

2022ರಲ್ಲಿ ನಮ್ಮ ರಾಜ್ಯದಲ್ಲಿ ಚರ್ಮಗಂಟು ರೋಗ ಹಬ್ಬಿ ಅನೇಕ ರಾಸುಗಳು ಸತ್ತ ಮೇಲೆ, ಯಾವ ಗಂಟು ಕಂಡರೂ ಎದೆ ಹೊಡೆದುಕೊಳ್ಳುವಂತಾಗಿದೆ. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ನರಹುಲಿ ಚರ್ಮದ ಮೇಲೆ ಬೆಳೆದು ನಿಲ್ಲುತ್ತದೆ, ಮೇಲ್ಮೈ ಒರಟು, ಒಡೆದ ಹಾಗೆ, ಬೆಳೆಯುವುದು ನಿಧಾನ. ರಾಸಿಗೆ ಜ್ವರವಿಲ್ಲ, ಮೇವು ಬಿಡುವುದಿಲ್ಲ. ಚರ್ಮಗಂಟು ರೋಗದಲ್ಲಿ ಮೊದಲು ಜ್ವರ ಏರಿ, ಕೆಲವೇ ದಿನಗಳಲ್ಲಿ ಮೈತುಂಬ ಗಟ್ಟಿ ಗಂಟುಗಳೇಳುತ್ತವೆ. ಅವು ಚರ್ಮದ ಒಳಗೇ ಹೂತಿರುತ್ತವೆ, ಮೇಲೆ ಕೂದಲು ಹಾಗೆಯೇ ಇರುತ್ತದೆ. ಕಣ್ಣು ಮೂಗು ಸೋರುತ್ತದೆ, ಹಾಲು ದಿಢೀರನೆ ಇಳಿಯುತ್ತದೆ. ಹೀಗೆ ಕಂಡರೆ ರಾಸನ್ನು ಬೇರೆ ಕಟ್ಟಿ ಅಂದೇ ಪಶುವೈದ್ಯರಿಗೆ ತಿಳಿಸಬೇಕು. ಅಲ್ಲಿ ಕಾಯುವ ಮಾತೇ ಇಲ್ಲ.

ಮದ್ದುಗಳ ಮಾತು

ಮೈಮೇಲಿನ ನರಹುಲಿಗೆ ಊರೂರಿಗೊಂದು ಮದ್ದಿದೆ. ಕುದುರೆ ಬಾಲದ ಕೂದಲು ಕಟ್ಟುವವರಿದ್ದಾರೆ, ಸುಣ್ಣ ಸೋಡ ಕಲಸಿ ಹಚ್ಚುವವರಿದ್ದಾರೆ, ಬ್ಯಾಟರಿ ಆಸಿಡ್ ಹಾಕುವವರೂ ಉಂಟು. ಎಲ್ಲರೂ ತಮ್ಮ ಮದ್ದಿನಿಂದಲೇ ವಾಸಿಯಾಯಿತೆಂದು ಆಣೆಯಿಟ್ಟು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಗಂಟು ಎದ್ದ ಕೆಲವು ತಿಂಗಳಿಂದ ವರ್ಷದೊಳಗೆ ರಾಸಿನ ಮೈ ತಾನೇ ವೈರಾಣುವಿನ ವಿರುದ್ಧ ಶಕ್ತಿ ಪಡೆಯುತ್ತದೆ. ಗಂಟು ಒಣಗಿ, ಬುಡ ಸಣ್ಣದಾಗಿ ಬೀಳುತ್ತದೆ. ಮನೆಯವರು ಸಾಕಾಗಿ ಮದ್ದು ಹುಡುಕುವ ಹೊತ್ತಿಗೆ ಬೀಳುವ ಕಾಲವೂ ಹತ್ತಿರ ಬಂದಿರುತ್ತದೆ. ಹೆಸರು ಮದ್ದಿಗೆ ಬರುತ್ತದೆ, ಅಷ್ಟೆ. ಸಣ್ಣ ತೊಟ್ಟಿನ ಮೇಲೆ ನೇತಾಡುವ ಗಂಟಿಗೆ ಬುಡದಲ್ಲಿ ದಾರ ಬಿಗಿದರೆ ಬೀಳುವುದು ನಿಜ. ಆದರೆ ಆಸಿಡ್, ಸುಣ್ಣದಿಂದ ಚರ್ಮ ಸುಟ್ಟು, ನೊಣ ಕುಳಿತು ಹುಳು ಬಿದ್ದರೆ ನರಹುಲಿಗಿಂತ ದೊಡ್ಡ ಕಾಯಿಲೆಯನ್ನು ತಂದುಕೊಂಡಂತೆ. ಕಣ್ಣಿನ ಬಳಿಯಂತೂ ಏನನ್ನೂ ಹಚ್ಚಬಾರದು.

ವರ್ಷ ಕಳೆದರೂ ಬೀಳದಿದ್ದರೆ, ಮೈತುಂಬ ಹರಡುತ್ತಿದ್ದರೆ, ಒಡೆದು ರಕ್ತ ಸೋರುತ್ತಿದ್ದರೆ, ಕಣ್ಣು ಬಾಯಿಗೆ ಅಡ್ಡವಾದರೆ ವೈದ್ಯರಿಗೆ ತೋರಿಸಿ. ಜಂತುಹುಳು, ಮೇವಿನ ಕೊರತೆಯಿಂದ ಸೊರಗಿದ ಕರುಗಳಲ್ಲಿ ಗಂಟು ಬೇಗ ಬೀಳುವುದಿಲ್ಲ. ಜಂತಿನ ಔಷಧಿ, ಖನಿಜ ಮಿಶ್ರಣ ಕೊಡುವುದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ತೊಟ್ಟಿನ ನರಹುಲಿ

ಇದು ಹಾಲಿನ ಹಣಕ್ಕೇ ಕೈ ಹಾಕುವ ಕಾಯಿಲೆ. ಅಕ್ಕಿಕಾಳಿನಂತೆ ಚಪ್ಪಟೆಯಾಗಿಯೋ, ಎಳೆಎಳೆಯಾಗಿಯೋ ತೊಟ್ಟಿನ ಮೇಲೆ ಬೆಳೆಯುತ್ತದೆ. ಅಕ್ಕಿಕಾಳಿನಂತಹವು ತಾವಾಗಿ ಬೀಳುವುದು ಅಪರೂಪ. ಹಿಂಡುವಾಗ ನೋವಾಗಿ ಹಸು ಒದೆಯುತ್ತದೆ, ಗಂಟು ಕಿತ್ತು ರಕ್ತ ಬರುತ್ತದೆ, ಪೂರ್ತಿ ಹಿಂಡಲಾಗದೆ ಹಾಲು ಉಳಿಯುತ್ತದೆ. ಯಂತ್ರದ ಬಟ್ಟಲು ತೊಟ್ಟಿಗೆ ಸರಿಯಾಗಿ ಕೂರುವುದಿಲ್ಲ. ತೊಟ್ಟಿನ ತುದಿಯಲ್ಲಿದ್ದರೆ ರಂಧ್ರವೇ ಮುಚ್ಚಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಒಂದು ತೊಟ್ಟು ಕುರುಡಾದರೆ ಆ ಹಸುವಿನ ಬೆಲೆ ಎಷ್ಟಿಳಿಯುತ್ತದೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ.

ಇಂತಹ ಹಸುವನ್ನು ಕೊನೆಯಲ್ಲಿ ಹಿಂಡಿ. ಆಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ, ಕೆಚ್ಚಲು ಒರೆಸುವ ಬಟ್ಟೆಯನ್ನು ಬೇರೆ ಇಡಿ, ಹಿಂಡಿದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಹೆಬ್ಬೆರಳು ಮಡಿಸಿ ಹಿಂಡುವ ಅಭ್ಯಾಸ ಬಿಟ್ಟು ಪೂರ್ತಿ ಅಂಗೈಯಲ್ಲಿ ಹಿಂಡಿದರೆ ತೊಟ್ಟಿಗೆ ಗಾಯ ಕಡಿಮೆ. ರಕ್ತ ಬೆರೆತ ಹಾಲನ್ನು ಸಂಘಕ್ಕೆ ಹಾಕಬಾರದು.

ತೊಟ್ಟಿನ ಗಂಟನ್ನು ಪಶುವೈದ್ಯರೇ ತೆಗೆಯಬೇಕು. ಬ್ಲೇಡಿನಲ್ಲಿ ಮನೆಯಲ್ಲೇ ಕೊಯ್ಯಲು ಹೋಗಿ ತೊಟ್ಟನ್ನೇ ಸೀಳಿಸಿಕೊಂಡರೆ ಹಾಲು ಅಲ್ಲಿಂದಲೇ ಸೋರುತ್ತದೆ. ಹಾಲು ಬತ್ತಿಸಿದ ಮೇಲೆ, ಮುಂದಿನ ಕರು ಹಾಕುವ ಮುಂಚೆ ತೆಗೆಸಿದರೆ ಗಾಯ ಮಾಯಲು ಸಮಯ ಸಿಗುತ್ತದೆ. ಗಂಟು ಇನ್ನೂ ಬೆಳೆಯುತ್ತಿರುವಾಗ ಕೊಯ್ದರೆ ಮತ್ತೆ ಬರುವುದುಂಟು. ವೈದ್ಯರು ಸ್ವಲ್ಪ ದಿನ ತಡೆಯಿರಿ ಎಂದರೆ ಅದಕ್ಕೆ ಕಾರಣವಿದೆ.

ಹೆಚ್ಚು ಗಂಟುಗಳಿದ್ದರೆ ಆಂಥಿಯೋಮಲಿನ್ ಚುಚ್ಚುಮದ್ದನ್ನು ಒಂದು ದಿನ ಬಿಟ್ಟು ಒಂದು ದಿನದಂತೆ ಕೆಲವು ಸಲ ಮಾಂಸಖಂಡದ ಆಳಕ್ಕೆ ಕೊಡುವುದುಂಟು. ರಾಸು ಗಬ್ಬವಾಗಿದ್ದರೆ ಮೊದಲೇ ಹೇಳಿ, ಹಾಲನ್ನು ಎಷ್ಟು ದಿನ ಬಿಡಬೇಕೆಂದು ಕೇಳಿಕೊಳ್ಳಿ. ಅದೇ ರಾಸಿನ ರಕ್ತ ತೆಗೆದು ಅದಕ್ಕೇ ಚುಚ್ಚುವ ಪದ್ಧತಿಯೂ ಇದೆ. ಕೊಟ್ಟಿಗೆಯಲ್ಲಿ ಹಲವು ಕಡಸುಗಳಿಗೆ ಬಂದಿದ್ದರೆ ಆ ಗಂಟುಗಳಿಂದಲೇ ಪ್ರಯೋಗಾಲಯದಲ್ಲಿ ಲಸಿಕೆ ಮಾಡಿಸಬಹುದು. ಇದು ಬಂದದ್ದನ್ನು ವಾಸಿ ಮಾಡುವುದಕ್ಕಿಂತ ಉಳಿದವುಗಳಿಗೆ ಬಾರದಂತೆ ತಡೆಯಲು ಹೆಚ್ಚು ಒದಗುತ್ತದೆ.

ಹೊಸ ಹಸು ಕೊಳ್ಳುವಾಗ ಹಾಲಿನ ಅಳತೆಯೊಂದನ್ನೇ ನೋಡಬೇಡಿ. ನಾಲ್ಕೂ ತೊಟ್ಟುಗಳನ್ನು ಬುಡದಿಂದ ತುದಿಯವರೆಗೆ ಬೆರಳಿನಿಂದ ಸವರಿ ನೋಡಿ; ಅಕ್ಕಿಕಾಳಿನಷ್ಟು ಗಂಟು ಕಣ್ಣಿಗೆ ಬೀಳದಿದ್ದರೂ ಕೈಗೆ ಸಿಗುತ್ತದೆ. ಮಾರುವವರ ಹಗ್ಗವನ್ನು ಅಲ್ಲೇ ಬಿಟ್ಟು, ಹೊಸ ಹಗ್ಗ ಕಟ್ಟಿ ಮನೆಗೆ ಹೊಡೆದುಕೊಂಡು ಬನ್ನಿ.